ದಂಡಿನ ಬ್ಯಾಂಡು, ಪೇಟೆಯ ರಾಗ: ಕನ್ನಡ ಹಾಡಿನ ಮಹಾಸಂಗಮ

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ದಕ್ಷಿಣ ಭಾರತದ ಮೊದಲ ಮೆಟ್ರೊ ರೈಲು ಓಡಿತು. ಏಳು ಕಿಲೋಮೀಟರಿಗೂ ಕಡಿಮೆ ದೂರ, ಆರೇ ನಿಲ್ದಾಣ. ಆದರೂ ಕಿವಿಯುಳ್ಳವರಿಗೆ ಇಷ್ಟು ಸಮೃದ್ಧವಾದ ಹಾದಿ ಕರ್ನಾಟಕದಲ್ಲಿ ಮತ್ತೊಂದು ಸಿಗಲಾರದು. ಟ್ರಿನಿಟಿ ನಿಲ್ದಾಣಕ್ಕೆ ಹೆಸರು ಕೊಟ್ಟ ಚರ್ಚು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಿಟಿಷ್ ದಂಡಿನ ಪ್ರಾರ್ಥನೆಗಾಗಿ ಎದ್ದದ್ದು. ಅಲ್ಲಿಂದ ಒಂದೇ ನಿಲ್ದಾಣ ದಾಟಿದರೆ ಹಲಸೂರು. ಸೋಮೇಶ್ವರನ ಸನ್ನಿಧಿ, ರಥೋತ್ಸವದ ನಾಗಸ್ವರ. ಮುಂದಿನ ಇಂದಿರಾನಗರದಲ್ಲಿ ಒಂದೇ ಸಂಜೆ ಪುರಂದರ ಭವನದಲ್ಲಿ ತಂಬೂರಿಯ ಶ್ರುತಿ, ನೂರಡಿ ರಸ್ತೆಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ಝೇಂಕಾರ. ಬೈಯಪ್ಪನಹಳ್ಳಿಯನ್ನೂ ದಾಟಿ ಕೃಷ್ಣರಾಜಪುರದ ಕಡೆ ಸರಿದರೆ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆ. ಕನ್ನಡ ಭಾವಗೀತೆಗೆ ಗುಡುಗಿನ ಕಂಠ ಕೊಟ್ಟ ಸಿ. ಅಶ್ವತ್ಥ್ ಇಪ್ಪತ್ತೇಳು ವರ್ಷ ದುಡಿದದ್ದು ಆ ಸಂಸ್ಥೆಯಲ್ಲಿ. ಚರ್ಚಿನ ಸ್ವರಮೇಳ, ದೇವಾಲಯದ ಮಂಗಳವಾದ್ಯ, ಸಭೆಯ ಕಛೇರಿ, ಕಾರ್ಖಾನೆಯ ಕನ್ನಡ ಸಂಘ: ನಾವು ಇಂದು ಕನ್ನಡ ಹಾಡು ಎಂದು ಎದೆಗಪ್ಪಿಕೊಂಡಿರುವುದು ಈ ಎಲ್ಲ ನಾದಗಳ ಸಂಗಮದ ಫಲ.

ಈ ಮೆಟ್ರೊದ ಮೊದಲ ಹಂತಕ್ಕೆ ಜಪಾನ್ ದೀರ್ಘಾವಧಿಯ ಸಾಲ ನೀಡಿತ್ತು ಎಂಬುದು ಹಣಕಾಸಿನ ವಿಚಾರ. ಸಂಗೀತದಲ್ಲಿ ಆ ನಾಡಿಗೂ ನಮಗೂ ಇರುವ ಬಾಂಧವ್ಯ ಇದಕ್ಕಿಂತ ಹಳೆಯದು, ಹೆಚ್ಚು ಸೋಜಿಗದ್ದು. ಸೈನಿಕ ಬ್ಯಾಂಡು, ಕ್ರೈಸ್ತ ಸ್ತೋತ್ರ, ಪಿಯಾನೊ, ಪಿಟೀಲು ಎಲ್ಲವೂ ಹಡಗಿನಲ್ಲಿ ಬಂದಿಳಿದಾಗ ಜಪಾನ್ ಏನು ಮಾಡಿತೋ ಮೈಸೂರು ಸಂಸ್ಥಾನವೂ ಬಹುಮಟ್ಟಿಗೆ ಅದನ್ನೇ ಮಾಡಿತು. ವಾದ್ಯವನ್ನು ಆದರದಿಂದ ಬರಮಾಡಿಕೊಂಡಿತು. ಕಂಠವನ್ನು ಮಾತ್ರ ಒಪ್ಪಿಸಲಿಲ್ಲ.

ಜಪಾನಿನ ಕಥೆಯನ್ನು ಮೊದಲು ನೋಡಬೇಕು, ಏಕೆಂದರೆ ಅಲ್ಲಿ ಅದು ಸರ್ಕಾರದ ಯೋಜನೆಯಾಗಿಯೇ ನಡೆಯಿತು. 1868ರ ಮೇಜಿ ಪುನರುತ್ಥಾನದ ಬಳಿಕ ಶಾಲೆಗಳಲ್ಲಿ ಹಾಡು ಕಲಿಸಲು ಅಮೆರಿಕದ ಸಂಗೀತ ಶಿಕ್ಷಕ ಲೂಥರ್ ವೈಟಿಂಗ್ ಮೇಸನ್ ಅವರನ್ನು 1880ರಲ್ಲಿ ಕರೆಸಿಕೊಳ್ಳಲಾಯಿತು. ಇಸಾವಾ ಶೂಜಿ ಅವರೊಡನೆ ಕೂಡಿ ಅವರು ರೂಪಿಸಿದ ಶಾಲಾ ಗೀತೆಗಳಲ್ಲಿ ಸ್ಕಾಟ್ಲೆಂಡಿನ ಧಾಟಿಗಳಿಗೆ ವಿಶೇಷ ಸ್ಥಾನ ದೊರೆಯಿತು. ಐದೇ ಸ್ವರಗಳ ಆ ಧಾಟಿಗಳು ಜಪಾನೀ ಕಿವಿಗೆ ಪರಕೀಯವೆನಿಸಲಿಲ್ಲ. ಪಾಶ್ಚಾತ್ಯ ಸಪ್ತಸ್ವರಗಳಿಂದ ನಾಲ್ಕನೆಯದನ್ನೂ ಏಳನೆಯದನ್ನೂ ಕಳೆದು ಉಳಿಸಿಕೊಂಡ ಈ ಪಂಚಸ್ವರ ಶ್ರೇಣಿಯನ್ನು ಅಲ್ಲಿ ಯೊನಾನುಕಿ ಎನ್ನುತ್ತಾರೆ. ನಮ್ಮ ಸಂಗೀತ ವಿದ್ಯಾರ್ಥಿ ಅದನ್ನು ಕೇಳಿದ ಮರುಕ್ಷಣವೇ ಗುರುತು ಹಿಡಿಯುತ್ತಾನೆ: ಸ ರಿ ಗ ಪ ದ, ನಮ್ಮ ಮೋಹನ ರಾಗ!

ಬಾಂಧವ್ಯ ಇಲ್ಲಿಗೇ ನಿಲ್ಲುವುದಿಲ್ಲ. ಓಕಿನಾವ ದ್ವೀಪಗಳ ಶ್ರೇಣಿಯಲ್ಲಿ ಸ ಗ ಮ ಪ ನಿ ಎಂಬ ಐದು ಸ್ವರಗಳಿವೆ; ಅದು ದೇವರ ಉತ್ಸವಮೂರ್ತಿ ಹೊರಡುವಾಗ ನಾಗಸ್ವರದಲ್ಲಿ ಮಲ್ಲಾರಿಯಾಗಿ ಮೊಳಗುವ ಗಂಭೀರನಾಟ. ಕೋಟೊ, ಶಾಮಿಸೆನ್ ವಾದ್ಯಗಳ ನಗರ ಸಂಗೀತದಲ್ಲಿ ಕೇಳಿಬರುವ ವಿಷಾದದ ಶ್ರೇಣಿ ನಮ್ಮ ಕರ್ಣಾಟಕ ಶುದ್ಧಸಾವೇರಿಗೆ ಸಮೀಪ. ಶಿವರಂಜನಿಯ ಧೈವತವನ್ನು ಒಂದು ಮೆಟ್ಟಿಲು ಇಳಿಸಿದರೆ ಸಾಕು, ಕೋಗಾ ಮಸಾವೊ 1930ರ ದಶಕದಲ್ಲಿ ಗಿಟಾರಿನ ಮೇಲೆ ಹೊಸೆದ ಅಳುಮೊಗದ ಧಾಟಿಗಳ ಸ್ವರಸಂಪತ್ತು ಕೈಗೆ ಸಿಗುತ್ತದೆ. ಸ್ವರಗಳು ಒಂದೇ ಆದರೂ ಸಂಚಾರ ಬೇರೆ, ಗಮಕ ಬೇರೆ; ಅವುಗಳನ್ನು ರಾಗವೆಂದೇ ಕರೆಯುವಂತಿಲ್ಲ. ಆದರೂ ಟೋಕಿಯೊದ ಹಳೆಯ ಹಾಡು ಮೈಸೂರಿನ ಕಿವಿಗೆ ಏಕೆ ಇಷ್ಟು ಹತ್ತಿರವೆನಿಸುತ್ತದೆ ಎಂಬುದಕ್ಕೆ ಉತ್ತರ ಈ ಸ್ವರಸಾಮ್ಯದಲ್ಲಿದೆ.

1914ರಲ್ಲಿ ಟಾಲ್‌ಸ್ಟಾಯ್ ಅವರ ಕಾದಂಬರಿಯೊಂದರ ರಂಗರೂಪಕ್ಕೆ ನಾಕಾಯಾಮಾ ಶಿಂಪೇ ಕಟ್ಟಿದ ಕಚೂಷಾಳ ಹಾಡು ಜಪಾನಿನ ಆಧುನಿಕ ಜನಪ್ರಿಯ ಗೀತೆಯ ಉದಯವೆಂದು ಎಣಿಸಲ್ಪಟ್ಟಿದೆ. ಅಲ್ಲಿಯೂ ಹೊಸ ಹಾಡು ಹುಟ್ಟಿದ್ದು ನಾಟಕದ ವೇದಿಕೆಯಿಂದಲೇ ಎಂಬುದನ್ನು ಗಮನಿಸಬೇಕು. ಯುದ್ಧಾನಂತರದ ಬೂದಿಯಲ್ಲಿ ಹತ್ತೋರಿ ರ್‍ಯೋಯಿಚಿ ಜಾಝ್ ಲಯವನ್ನು ಹರಿಸಿದರು. ಬಾಲ್ಯದಲ್ಲೇ ವೇದಿಕೆಯೇರಿದ ಮಿಸೋರಾ ಹಿಬಾರಿ 1989ರಲ್ಲಿ ಕಣ್ಮುಚ್ಚುವವರೆಗೆ ಒಂದು ರಾಷ್ಟ್ರದ ದುಃಖಸುಖಗಳ ದನಿಯಾದರು. 1963ರ ಜೂನ್ ತಿಂಗಳಲ್ಲಿ ಸಕಾಮೊಟೊ ಕ್ಯೂ ಅವರ ಜಪಾನೀ ಗೀತೆಯೊಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಮೂರು ವಾರ ನಿಂತಿತು. ಭಾಷೆ ತಿಳಿಯದ ಕೋಟ್ಯಂತರ ಜನ ಅದನ್ನು ಸಿಳ್ಳೆಯಲ್ಲಿ ಗುನುಗಿದರು. ಎನ್ಕಾ ಎಂಬ ಪ್ರಕಾರದಲ್ಲಿ ಗಾಯಕರು ಸ್ವರವನ್ನು ನಡುಗಿಸಿ, ತಿರುಚಿ, ತೇಲಿಸುವ ಕೊಬುಶಿಯನ್ನು ಕೇಳಿದಾಗ ಗಮಕದ ನೆನಪು ಬಾರದ ಕನ್ನಡಿಗರು ವಿರಳ. ಹಿಂದೆ ಸ್ಯಾಕ್ಸೊಫೋನ್, ಗಿಟಾರ್, ಪಿಟೀಲುಗಳ ಸಮೂಹ. ಮುಂದೆ ಅಪ್ಪಟ ಜಪಾನೀ ಕಂಠ.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಮರಳೋಣ.

1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಾಗ ಹಲಸೂರಿನ ಆಸುಪಾಸಿನಲ್ಲಿ ದಂಡು ಪ್ರದೇಶ ತಲೆಯೆತ್ತಿತು. ಅತ್ತ ಕೆಂಪೇಗೌಡರ ಪೇಟೆ, ಇತ್ತ ಕಂಟೋನ್ಮೆಂಟು. ಎರಡಕ್ಕೂ ಬೇರೆ ಬೇರೆ ಆಡಳಿತ, ಬೇರೆ ಬೇರೆ ಜೀವನಕ್ರಮ. ಪೇಟೆಯಲ್ಲಿ ರಾಮೋತ್ಸವದ ಕಛೇರಿ, ಹರಿಕಥೆ, ಭಜನೆ; ದಂಡಿನಲ್ಲಿ ಕವಾಯತಿನ ತುತ್ತೂರಿ, ಚರ್ಚುಗಳಲ್ಲಿ ಪೈಪ್ ಆರ್ಗನ್, ಮನೆಗಳಲ್ಲಿ ಪಿಯಾನೊ. ಎರಡೂ ಊರುಗಳ ನಡುವಣ ಕಬ್ಬನ್ ಉದ್ಯಾನದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸೈನಿಕ ವಾದ್ಯವೃಂದ ನುಡಿಸುತ್ತಿತ್ತು. ಈ ಎರಡು ಬೆಂಗಳೂರುಗಳು ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಕಾಗದದ ಮೇಲಿನ ಆ ವಿಲೀನಕ್ಕೆ ಬಹಳ ಮುಂಚೆಯೇ ನಾದಗಳು ಗಡಿ ದಾಟಿದ್ದವು.

ದಕ್ಷಿಣ ಭಾರತಕ್ಕೆ ಈ ದಾಟುವಿಕೆ ಹೊಸದಲ್ಲ. ಮುತ್ತುಸ್ವಾಮಿ ದೀಕ್ಷಿತರು ಮದ್ರಾಸಿನ ಕಡೆ ಕೇಳಿದ ಕಂಪನಿ ಸರ್ಕಾರದ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ರಚಿಸಿದರು. ಅವರ ಸೋದರ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತದ ಮಡಿಲಿಗೆ ತಂದರು. ಆ ಪಿಟೀಲಿಗೆ ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿ ಬಿಗಿದು ಪರ್ವತದಂಥ ನಾದ ಹೊರಡಿಸಿದರು. ಅವರ ಸ್ಮರಣೆಗಾಗಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಸಭಾಭವನ ನಿಂತಿದೆ.

ಮೈಸೂರು ಅರಮನೆಯ ಕೊಡುಗೆಯಂತೂ ಜಪಾನಿನ ಮೇಜಿ ದೊರೆತನದ ಉತ್ಸಾಹಕ್ಕೆ ಸರಿಗಟ್ಟುವಂಥದು. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲುಗಳ ಜೊತೆಗೆ ಪಾಶ್ಚಾತ್ಯ ವಾದ್ಯಗಳನ್ನೂ ಅಭ್ಯಸಿಸಿದವರು. ಜರ್ಮನಿಯ ಆಟೊ ಶ್ಮಿಟ್ ಅರಮನೆಯ ವಾದ್ಯವೃಂದವನ್ನು ನಡೆಸಿದರು. ದರ್ಬಾರಿನಲ್ಲಿ ವೈಣಿಕರಿಗೆ ಎಷ್ಟು ಮರ್ಯಾದೆಯೋ ಬ್ಯಾಂಡಿನವರಿಗೂ ಅಷ್ಟೇ ಅನ್ನಾಶ್ರಯ. ಆ ಪರಂಪರೆಯ ಕುಡಿಗಳು ಇಂದಿಗೂ ಜೀವಂತ: ಮೈಸೂರಿನ ಪೊಲೀಸ್ ಇಲಾಖೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ಬ್ಯಾಂಡ್ ಎಂಬ ಎರಡು ವಾದ್ಯವೃಂದಗಳಿವೆ. ಎರಡನೆಯದು ಕ್ಲಾರಿನೆಟ್, ಸ್ಯಾಕ್ಸೊಫೋನುಗಳಲ್ಲಿ ತ್ಯಾಗರಾಜರ ಕೃತಿಗಳನ್ನು ನುಡಿಸುವಾಗ ದಸರಾ ಸಂಜೆಯ ಅರಮನೆಯ ಅಂಗಳದಲ್ಲಿ ಯೂರೋಪು ಎಲ್ಲಿ ಮುಗಿಯಿತು, ಕಾವೇರಿ ಎಲ್ಲಿ ಮೊದಲಾಯಿತು ಎಂದು ಹೇಳುವುದು ಅಸಾಧ್ಯ.

ಜಯಚಾಮರಾಜೇಂದ್ರ ಒಡೆಯರು ಇದೇ ಪರಂಪರೆಯ ಶಿಖರ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದ ಈ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಹೌದು. ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ಮರೆಯಾಗುತ್ತಿದ್ದ ರಷ್ಯಾದ ಮಹಾನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ರಚನೆಗಳು ಧ್ವನಿಮುದ್ರಣಗೊಂಡು ಲೋಕಕ್ಕೆ ಉಳಿದದ್ದು ಮೈಸೂರಿನ ಧನಸಹಾಯದಿಂದ. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದಾಗಲೂ ಖರ್ಚಿಗೆ ಒತ್ತಾಸೆಯಾಗಿ ನಿಂತವರು ಇದೇ ಒಡೆಯರು. ಜರ್ಮನ್ ಸಂಗೀತ ಚರಿತ್ರೆಯ ಒಂದು ಅಮರ ಸಂಜೆಯ ಹಿಂದೆ ಕನ್ನಡ ನಾಡಿನ ಹಸ್ತವಿತ್ತೆಂಬುದನ್ನು ನಮ್ಮ ಶಾಲಾ ಪಠ್ಯಗಳು ಇನ್ನೂ ಹೆಮ್ಮೆಯಿಂದ ಹೇಳಬೇಕಾಗಿದೆ.

ಅರಮನೆಯ ಬ್ಯಾಂಡಿನ ಮತ್ತೊಂದು ಫಲ ದಕ್ಷಿಣ ಕನ್ನಡದಿಂದ ಬಂತು. ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಾದಕರ ಮನೆಯ ಹುಡುಗ ಮೈಸೂರಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಕೀಲಿಗಳಿಗೆ ಬಾಗದ ಗಮಕವನ್ನು ಆ ಹಿತ್ತಾಳೆಯ ಕೊಳವೆಯಿಂದ ಹೊರಡಿಸಲು ಕದ್ರಿ ಗೋಪಾಲನಾಥ್ ವಾದ್ಯಕ್ಕೇ ಮಾರ್ಪಾಡು ಮಾಡಿಕೊಂಡು, ಸುಮಾರು ಎರಡು ದಶಕ ತಪಸ್ಸಿನಂತೆ ದುಡಿದರು. 1994ರಲ್ಲಿ ಬಿಬಿಸಿ ಪ್ರಾಮೆನೇಡ್ ಉತ್ಸವದಲ್ಲಿ ನುಡಿಸಿದ ಮೊದಲ ಕರ್ನಾಟಕ ಸಂಗೀತಗಾರ ಅವರು. ಮುಂದೆ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ ಅವರ ಜುಗಲ್ಬಂದಿ 2008ರಲ್ಲಿ ಆಲ್ಬಂ ಆಗಿ ಬಂತು.

ಆದರೆ ಅರಮನೆಯ ಸಂಗೀತ ಅರಮನೆಯದೇ. ಬೀದಿಯ ಜನರ ನಾಲಗೆಗೆ ಹೊಸ ಹಾಡು ಹತ್ತಿದ್ದು ಕಂಪನಿ ನಾಟಕದ ಮೂಲಕ, ಕಾಲುಹಾರ್ಮೋನಿಯಂನ ಮೂಲಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ರಂಗದಲ್ಲಿ ನಟ ಹಾಡಬೇಕು, ಹಾಡಿನ ತುದಿ ಹಿಂದಿನ ಬೆಂಚಿಗೂ ಮುಟ್ಟಬೇಕು, ಪ್ರೇಕ್ಷಕರು ಒನ್ಸ್ ಮೋರ್ ಎಂದರೆ ಸಾಯುವ ಪಾತ್ರವೂ ಎದ್ದು ಮತ್ತೆ ಹಾಡಬೇಕು! ಯೂರೋಪಿನಿಂದ ಬಂದ ಹಾರ್ಮೋನಿಯಂ ಗಮಕಕ್ಕೆ ಒಗ್ಗದು ಎಂಬ ಕಾರಣಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತು. ನಾಟಕದ ಮಂದಿ ಅಂಥ ಶಂಕೆ ಇಟ್ಟುಕೊಳ್ಳಲಿಲ್ಲ. ಕೀಲಿ ಮುಟ್ಟದ ಸೂಕ್ಷ್ಮವನ್ನು ಗಾಯಕನ ಕಂಠ ತುಂಬಿತು. ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ರಾಜ್‌ಕುಮಾರ್ ಮುಂದೆ ಹಿನ್ನೆಲೆ ಗಾಯಕರಾದಾಗ ಎಂಥ ಭಾರಿ ವಾದ್ಯವೃಂದದ ಮುಂದೆಯೂ ಅವರ ದನಿ ಅಚಲವಾಗಿ ನಿಂತದ್ದಕ್ಕೆ ಈ ಶಿಕ್ಷಣವೇ ಕಾರಣ.

ಕಾವ್ಯದಲ್ಲೂ ಇದೇ ಹೊತ್ತಿಗೆ ಬೆಸುಗೆಯೊಂದು ನಡೆದಿತ್ತು. 1882ರಲ್ಲಿ ಜಪಾನೀಯರು ಇಂಗ್ಲಿಷ್ ಕವನಗಳನ್ನು ತಮ್ಮ ನುಡಿಗೆ ತಂದು ಹೊಸ ಮಾದರಿಯ ಕಾವ್ಯಕ್ಕೆ ನಾಂದಿ ಹಾಡಿದಂತೆ, ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಕನ್ನಡಕ್ಕೆ ಹೊಸ ಲಯಗಳ ಬಾಗಿಲು ತೆರೆಯಿತು. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿಗಳ ಭಾವಗೀತೆ ಅರಳಿದ್ದು ಆ ಬಾಗಿಲಿನಿಂದ ಬಂದ ಬೆಳಕಿನಲ್ಲಿ. ಹಾಗೆ ಅರಳಿದ ಕವನಗಳನ್ನು ಪುಸ್ತಕದಿಂದ ಎತ್ತಿ ಜನರ ಬಾಯಿಗೆ ಹಾಕಿದವರು ಪಿ. ಕಾಳಿಂಗರಾವ್. ಉಡುಪಿ ಸೀಮೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಬೆಳೆದು, ಹಿಂದೂಸ್ತಾನಿ ಕಲಿತು, ಪಾಶ್ಚಾತ್ಯ ವಾದ್ಯಗಳ ಹಿನ್ನೆಲೆಯನ್ನು ನಿಸ್ಸಂಕೋಚವಾಗಿ ಬಳಸಿದ ಈ ಮಹನೀಯರು, ಸೋಹನಕುಮಾರಿ ಮತ್ತು ಮೋಹನಕುಮಾರಿ ಅವರೊಡನೆ ಊರೂರು ಸುತ್ತಿದರು. ಕಾವ್ಯವೊಂದು ಸಭಾಂಗಣ ತುಂಬಿಸಬಲ್ಲದು ಎಂದು ಕನ್ನಡಿಗರು ಕಂಡದ್ದು ಅವರಿಂದ.

1978ರಲ್ಲಿ ಬಂದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ನಿಸಾರ್ ಅಹಮದ್ ಅವರ ಕವನಗಳು, ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆ. ಅಲ್ಲಿಂದಾಚೆ ಕ್ಯಾಸೆಟ್ಟು ಕನ್ನಡ ಮನೆಯ ದೇವರಕೋಣೆಗೂ ಅಡುಗೆಮನೆಗೂ ನಡುವಿನ ಗೂಡಿನಲ್ಲಿ ಖಾಯಂ ಜಾಗ ಪಡೆಯಿತು.

ಆಗ ಬೆಂಗಳೂರಿನ ಪೂರ್ವಭಾಗ ಕಾರ್ಖಾನೆಗಳ ನಾಡು. 1948ರಲ್ಲಿ ಸ್ಥಾಪನೆಯಾದ ಐಟಿಐ, ಅದಕ್ಕೂ ಮೊದಲಿನ ಎಚ್‌ಎಎಲ್, ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಬೆಳಗಿನ ಸೈರನ್ನಿಗೆ ಸಾವಿರಾರು ಸೈಕಲ್ಲುಗಳು ಹಳೆ ಮದರಾಸು ರಸ್ತೆಗೆ ಇಳಿಯುತ್ತಿದ್ದ ಕಾಲ. ದಂಡಿನ ಸುತ್ತಮುತ್ತ ತಮಿಳು, ಉರ್ದು, ತೆಲುಗು, ಇಂಗ್ಲಿಷ್ ನುಡಿಗಳ ನಡುವೆ ಕನ್ನಡದ ದೀಪ ಆರದಂತೆ ನೋಡಿಕೊಂಡದ್ದು ಈ ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳು. ನವೆಂಬರ್ ಬಂತೆಂದರೆ ಬಾವುಟ, ನಾಟಕ, ಸುಗಮ ಸಂಗೀತ. ಸಾಹಿತ್ಯ ಸಂಸ್ಥೆಗಳ ಚರಿತ್ರೆ ಬರೆಯುವವರು ಕಾರ್ಮಿಕರ ಈ ಸಾಂಸ್ಕೃತಿಕ ಸಾಹಸಕ್ಕೆ ತಕ್ಕ ಸ್ಥಾನ ಕೊಟ್ಟಿಲ್ಲವೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಸಿ. ಅಶ್ವತ್ಥ್ ಈ ಲೋಕದ ಮನುಷ್ಯ. ಹಗಲು ಟೆಲಿಫೋನ್ ಕಾರ್ಖಾನೆಯ ಉದ್ಯೋಗ, ಸಂಜೆ ರಂಗಭೂಮಿ ಮತ್ತು ಹಾಡು. 1992ರಲ್ಲಿ ಐಟಿಐಯಿಂದ ನಿವೃತ್ತರಾಗುವ ಹೊತ್ತಿಗೆ ಅವರು ಕನ್ನಡದ ಮನೆಮಾತಾಗಿದ್ದರು. ಧಾರವಾಡ ಸೀಮೆಯ ಮಣ್ಣಿನಲ್ಲಿ ತಂಬೂರಿ, ದಮ್ಮಡಿಗಳ ಜೊತೆ ಉಳಿದಿದ್ದ ಶಿಶುನಾಳ ಶರೀಫರ ತತ್ವಪದಗಳನ್ನು ಅವರು ನಗರದ ವೇದಿಕೆಗೆ ತಂದರು. ಕೀಬೋರ್ಡ್, ಗಿಟಾರ್, ಪಿಟೀಲುಗಳ ಸಮೂಹ ಹಿಂದಿದ್ದರೂ ಪದದ ಉಸಿರು ಕಟ್ಟದಂತೆ ಕಾಪಾಡಿದರು. ಸಾಹಿತ್ಯದ ಒಂದೊಂದು ಅಕ್ಷರಕ್ಕೂ ತೂಕ ಕೊಟ್ಟು, ಬೇಕೆಂದ ಕಡೆ ದನಿಯನ್ನು ಬಿರುಸಾಗಿ ಸಿಡಿಸಿ, ಮರುಗಳಿಗೆ ಪಿಸುಮಾತಿಗೆ ಇಳಿಸುವ ಅವರ ಕ್ರಮ ಯಾವ ಶಾಸ್ತ್ರಗ್ರಂಥದಲ್ಲೂ ಇಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಲಕ್ಷಕ್ಕೂ ಮಿಕ್ಕಿ ಜನ ಸೇರಿದರು. ಕವಿತೆಗಾಗಿ, ಅಷ್ಟು ಜನ!

ಚಿತ್ರಗೀತೆಯ ಕಡೆ ತಿರುಗಿದರೆ ಸಂಗಮದ ಶಿಲ್ಪ ಇನ್ನೂ ಸ್ಪಷ್ಟ. ಕನ್ನಡ ಚಿತ್ರಗೀತೆಯ ಕಟ್ಟಡ ನಮ್ಮದೇ: ಪಲ್ಲವಿ, ಚರಣ, ಮತ್ತೆ ಪಲ್ಲವಿ. ಇವುಗಳ ನಡುವಿನ ಜಾಗವನ್ನು, ವಾದಕರ ಮಾತಿನಲ್ಲಿ ಬಿಟ್ಸ್ ಎನಿಸಿಕೊಳ್ಳುವ ಭಾಗವನ್ನು, ಪಾಶ್ಚಾತ್ಯ ವಾದ್ಯಗಳಿಗೆ ಬಿಟ್ಟುಕೊಡಲಾಯಿತು. ಕಂಠ ರಾಗದಲ್ಲಿ ನಡೆಯುತ್ತದೆ; ನಡುನಡುವೆ ಪಿಟೀಲುಗಳ ಸಮೂಹ ಸ್ವರಮೇಳದ ಬಣ್ಣ ಚೆಲ್ಲುತ್ತದೆ. ಇದರಲ್ಲಿ ನಿಜವಾದ ತಾಂತ್ರಿಕ ಕಷ್ಟವೊಂದಿದೆ. ರಾಗದಲ್ಲಿ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ, ಅಲುಗುತ್ತದೆ; ಕಾರ್ಡ್‌ಗಳಿಗೆ ಅಲುಗದ ಸ್ವರ ಬೇಕು. ತೋಡಿಯ ಗಾಂಧಾರದ ಕೆಳಗೆ ಕಾರ್ಡ್ ಇಟ್ಟರೆ ಎರಡೂ ಕೆಡುತ್ತವೆ. ಆದ್ದರಿಂದಲೇ ನಮ್ಮ ಸಂಯೋಜಕರು ಮೋಹನ, ಹಂಸಧ್ವನಿ, ಕೀರವಾಣಿ, ಶಂಕರಾಭರಣ, ಶಿವರಂಜನಿಗಳ ಕಡೆ ಹೆಚ್ಚು ಒಲಿದರು. ಜಪಾನೀಯರು ಯೊನಾನುಕಿಯನ್ನು ಹಿಡಿದದ್ದೂ ಇದೇ ವಿವೇಕದಿಂದ: ಎರಡು ಸಂಗೀತಗಳು ಜಗಳವಾಡದೆ ಒಟ್ಟಿಗೆ ಕೂರಬಲ್ಲ ಜಗಲಿಯನ್ನು ಮೊದಲು ಹುಡುಕಿಕೊಂಡರು.

ರಾಜನ್–ನಾಗೇಂದ್ರ ಸಹೋದರರು ಮೈಸೂರಿನವರು, ವಾದ್ಯಗಾರರ ಮನೆಯಲ್ಲಿ ಹುಟ್ಟಿದವರು. ಐವತ್ತರ ದಶಕದ ಆರಂಭದಲ್ಲಿ ಚಿತ್ರರಂಗಕ್ಕೆ ಬಂದು 'ಗಂಧದ ಗುಡಿ', 'ಎರಡು ಕನಸು', 'ನಾ ನಿನ್ನ ಮರೆಯಲಾರೆ', 'ಬಯಲುದಾರಿ' ಮುಂತಾದ ಚಿತ್ರಗಳಿಗೆ ಅವರು ಕೊಟ್ಟ ಹಾಡುಗಳಲ್ಲಿ ಗಿಟಾರಿನ ಮೃದು ಮಿಡಿತವೂ ಪಿಟೀಲುಗಳ ಹಾಸೂ ಹಾಡಿನ ಮೈಗೆ ಅಂಟಿಕೊಂಡೇ ಹುಟ್ಟಿದಂತಿವೆ. ಜಿ.ಕೆ. ವೆಂಕಟೇಶ್ ಅವರ ಹರವು ಇನ್ನೂ ದೊಡ್ಡದು. 'ಸನಾದಿ ಅಪ್ಪಣ್ಣ'ದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಗೆ ವೇದಿಕೆ ಕಟ್ಟಿದ ಅದೇ ವ್ಯಕ್ತಿ ಪತ್ತೇದಾರಿ ಚಿತ್ರಗಳಲ್ಲಿ ಹಿತ್ತಾಳೆ ವಾದ್ಯಗಳ ಅಬ್ಬರ ಎಬ್ಬಿಸಿದರು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ರಾಜ್‌ಕುಮಾರ್ ಅವರಿಂದ ಇಂಗ್ಲಿಷಿನಲ್ಲೇ ಹಾಡಿಸಿದರು. ಅವರ ಬಳಿ ಸಹಾಯಕರಾಗಿ ಪಳಗಿದವರು ಇಳಯರಾಜ. ಕನ್ನಡಕ್ಕೆ ಈ ಶಿಷ್ಯ ಕೊಟ್ಟ ಕಾಣಿಕೆಗಳಲ್ಲಿ 1983ರ 'ಪಲ್ಲವಿ ಅನುಪಲ್ಲವಿ' ಅನನ್ಯ. ಮಣಿರತ್ನಂ ಅವರ ಈ ಮೊದಲ ಚಿತ್ರದ ಒಂದು ಧಾಟಿ ದಶಕಗಳ ನಂತರ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ದೇಶವನ್ನೆಲ್ಲ ಸುತ್ತಿತು.

1987ರಲ್ಲಿ 'ಪ್ರೇಮಲೋಕ' ಬಂತು. ಹಂಸಲೇಖ ಅವರು ಸಾಹಿತ್ಯವನ್ನೂ ಸಂಗೀತವನ್ನೂ ಒಬ್ಬರೇ ಹೊತ್ತು, ಆಡುಮಾತನ್ನೇ ತಾಳಕ್ಕೆ ಕೂರಿಸಿ, ಸಿಂಥಸೈಸರ್ ಮತ್ತು ಡ್ರಮ್ಸ್‌ಗಳ ಮಿಂಚಿನಲ್ಲಿ ಹೊಸ ತಲೆಮಾರನ್ನೇ ಕುಣಿಸಿದರು. ಶಾಸ್ತ್ರಜ್ಞರು ಹುಬ್ಬು ಗಂಟಿಕ್ಕಿದರು. ಆದರೆ ಅದೇ ಹಂಸಲೇಖ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದು ತಮ್ಮ ಬೇರು ಎಲ್ಲಿದೆಯೆಂದು ತೋರಿಸಿದರು.

ಇನ್ನು ದಂಡಿನ ಸ್ವಂತ ಸಂತಾನವಾದ ರಾಕ್ ಸಂಗೀತದ ವಿಚಾರ. ಎಪ್ಪತ್ತರ ದಶಕದಲ್ಲಿ ಹ್ಯೂಮನ್ ಬಾಂಡೇಜ್, 1996ರಿಂದ ಥರ್ಮಲ್ ಅಂಡ್ ಎ ಕ್ವಾರ್ಟರ್ ಮುಂತಾದ ತಂಡಗಳು ಬೆಂಗಳೂರಿಗೆ ರಾಕ್ ರಾಜಧಾನಿಯ ಹೆಸರು ತಂದವು. ಹಾಡಿನ ಭಾಷೆ ಮಾತ್ರ ಇಂಗ್ಲಿಷ್. ಜಪಾನಿನಲ್ಲೂ ಎಪ್ಪತ್ತರ ದಶಕದ ಆರಂಭದಲ್ಲಿ ಇದೇ ಪ್ರಶ್ನೆ ಎದ್ದಿತ್ತು: ರಾಕ್ ಲಯಕ್ಕೆ ಜಪಾನೀ ನುಡಿ ಒಗ್ಗುತ್ತದೆಯೇ? ಹ್ಯಾಪಿ ಎಂಡ್ ಎಂಬ ತಂಡ 1971ರ ತನ್ನ ಆಲ್ಬಂ ಮೂಲಕ ಒಗ್ಗುತ್ತದೆಂದು ತೋರಿಸಿತು. ನಮ್ಮಲ್ಲಿ ಆ ಉತ್ತರ ರಘು ದೀಕ್ಷಿತ್ ಅವರ 2008ರ ಆಲ್ಬಂನಲ್ಲಿ ಮೊಳಗಿತು. ಮೈಸೂರಿನಲ್ಲಿ ಬೆಳೆದು ಭರತನಾಟ್ಯ ಕಲಿತ ಈ ಗಾಯಕ, ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಶರೀಫರ ಪದ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ಕೆಸರುಗದ್ದೆಯಲ್ಲಿ ನಿಂತ ಬಿಳಿಯರು ಆ ಹಾಡಿಗೆ ಕುಣಿದರು. ಸ್ವರಾತ್ಮ ತಂಡದಿಂದ ಬಂದ ವಾಸು ದೀಕ್ಷಿತ್ ದಾಸರ ಪದಗಳಿಗೂ ತತ್ವಪದಗಳಿಗೂ ಇದೇ ಹಾದಿ ತೋರಿದ್ದಾರೆ. ಅಗಂ ತಂಡ ಕೃತಿಗಳನ್ನು ರಾಕ್ ವಾದ್ಯಗಳಿಗೆ ಒಗ್ಗಿಸಿದೆ. 1819ರಲ್ಲಿ ಶಿಶುನಾಳದಲ್ಲಿ ಹುಟ್ಟಿದ ಸಂತನ ಮಾತು ದೂರವಾಣಿನಗರದ ಉದ್ಯೋಗಿಯ ಕಂಠದ ಮೂಲಕ ಹಾದು ಗ್ಲಾಸ್ಟನ್‌ಬರಿ ಮುಟ್ಟಿತೆಂದರೆ ಅದಕ್ಕಿಂತ ದೊಡ್ಡ ದಿಗ್ವಿಜಯ ಕನ್ನಡ ಹಾಡಿಗೆ ಯಾವುದಿದೆ?

ಟೋಕಿಯೊ ಮತ್ತು ಬೆಂಗಳೂರುಗಳನ್ನು ತಮ್ಮ ಬದುಕಿನಲ್ಲೇ ಹೆಣೆದ ಒಬ್ಬ ಕಲಾವಿದರನ್ನು ಇಲ್ಲಿ ನೆನೆಯದಿದ್ದರೆ ಚಿತ್ರ ಅಪೂರ್ಣ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜಪಾನಿನ ಜಾಝ್ ಪಿಯಾನೊ ವಾದಕಿ ಅಕಿಯೋಶಿ ತೋಶಿಕೊ ಅವರನ್ನು ವರಿಸಿ ಕೆಲಕಾಲ ಜಪಾನಿನಲ್ಲಿ ನೆಲೆಸಿದ್ದವರು. ಅವರಿಬ್ಬರ ದಾರಿ ಬೇರೆಯಾದ ಮೇಲೆ ತೋಶಿಕೊ 1974ರ ತಮ್ಮ ಆಲ್ಬಂನಲ್ಲಿ ಜಪಾನೀ ನೋ ನಾಟಕದ ತ್ಸುಝುಮಿ ಮದ್ದಳೆಯನ್ನು ಜಾಝ್ ವಾದ್ಯವೃಂದದೊಳಗೆ ತಂದರು. ಮರಿಯಾನೊ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನ ಕಲಾವಿದರೊಡನೆ, ಆರ್.ಎ. ರಮಾಮಣಿಯವರ ಗಾಯನದೊಡನೆ, ಅವರು ನುಡಿಸಿದ 'ಜ್ಯೋತಿ' 1983ರಲ್ಲಿ ಜರ್ಮನಿಯ ಪ್ರಸಿದ್ಧ ಇಸಿಎಂ ಸಂಸ್ಥೆಯಿಂದ ಹೊರಬಂತು. ಹ್ಯೂಮನ್ ಬಾಂಡೇಜ್ ತಂಡದ ಡ್ರಮ್ ವಾದಕ ರಮೇಶ್ ಶೋಥಮ್ ತವಿಲ್ ಕಲಿತದ್ದೂ ಇದೇ ಕಾಲೇಜಿನಲ್ಲಿ. ಮುಂದೆ ಅವರು ಜರ್ಮನಿಯಲ್ಲಿ ನೆಲೆಸಿ ಯೂರೋಪಿನ ವೇದಿಕೆಗಳಿಗೆ ಅದನ್ನು ಕೊಂಡೊಯ್ದರು. ಪೂರ್ವವೂ ಪಶ್ಚಿಮವೂ ಸಮಾನ ಗೌರವದಿಂದ ಎದುರುಬದುರು ಕುಳಿತ ನಿದರ್ಶನ ಬೇಕಿದ್ದವರು 'ಜ್ಯೋತಿ'ಯನ್ನು ಒಮ್ಮೆ ಸಾವಧಾನವಾಗಿ ಕೇಳಬೇಕು.

ಇಂದಿನ ಸ್ಥಿತಿ ಉಲ್ಲಾಸ, ಆತಂಕ ಎರಡಕ್ಕೂ ಎಡೆಕೊಡುವಂಥದು. ಬೆಂಗಳೂರಿನಲ್ಲಿ ವರ್ಷವರ್ಷವೂ ನಡೆಯುವ ಜಪಾನ್ ಹಬ್ಬದಲ್ಲಿ ನಮ್ಮ ಮಕ್ಕಳು ಜಪಾನೀ ಗೀತೆಗಳಿಗೆ ದನಿಗೂಡಿಸುತ್ತಾರೆ. 1987ರಲ್ಲಿ ಅರುಣಾ ಸುಂದರಲಾಲ್ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಶಾಸ್ತ್ರೀಯ ಶಿಕ್ಷಣಕ್ಕೆ ಭದ್ರ ನೆಲೆ ಒದಗಿಸಿತು. ಜೆ.ಪಿ. ನಗರದಲ್ಲಿ 2019ರಿಂದ ಸಂಗೀತಕ್ಕೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ಒಂದೇ ಮಗು ಬೆಳಗ್ಗೆ ವರ್ಣ ಹಾಡಿ ಸಂಜೆ ಪಿಯಾನೊ ಪರೀಕ್ಷೆಗೆ ಅಭ್ಯಾಸ ಮಾಡುವುದು ಈಗ ಮಧ್ಯಮವರ್ಗದ ಮನೆಗಳಲ್ಲಿ ಸಾಮಾನ್ಯ ದೃಶ್ಯ. ಆದರೆ ಹಿಂದೆ ಹತ್ತಾರು ಪಿಟೀಲುವಾದಕರು ಕೂತು ನುಡಿಸುತ್ತಿದ್ದ ಜಾಗದಲ್ಲಿ ಈಗ ಒಂದು ಕಂಪ್ಯೂಟರಿದೆ. ವಾದಕರ ಹೆಸರುಗಳನ್ನಂತೂ ನಾವು ಎಂದೂ ಬರೆದಿಟ್ಟುಕೊಳ್ಳಲಿಲ್ಲ. ಹಾಡಿದವರು ಗೊತ್ತು, ಬರೆದವರು ಗೊತ್ತು, ನಟಿಸಿದವರಂತೂ ಚೆನ್ನಾಗಿ ಗೊತ್ತು. ಆ ಎರಡನೆಯ ಚರಣದ ಮುನ್ನ ಎದೆ ಕಲಕುವ ಕ್ಲಾರಿನೆಟ್ ನುಡಿಸಿದವರು ಯಾರು, ಆ ಪಿಟೀಲುಗಳಿಗೆ ಸ್ವರಲಿಪಿ ಬರೆದವರು ಯಾರು ಎಂಬುದನ್ನು ಕ್ಯಾಸೆಟ್ಟಿನ ಹೊದಿಕೆ ಬಹುತೇಕ ಹೇಳುವುದಿಲ್ಲ. ಸಂಗಮವನ್ನು ಕೈಯಾರೆ ಕಟ್ಟಿದವರೇ ಅದರ ಚರಿತ್ರೆಯಿಂದ ಹೊರಗುಳಿದಿದ್ದಾರೆ.

ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿ ಎರಡು ದಶಕ ಮೀರಿದೆ. ಅದರ ವಿಶಾಲ ಆವರಣವನ್ನು ಸಾರ್ವಜನಿಕ ವೃಕ್ಷೋದ್ಯಾನವಾಗಿಸುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದೆ. ಆ ಹಳೆಯ ಶೆಡ್ಡುಗಳಲ್ಲಿ ಒಂದನ್ನು ಕನ್ನಡ ಹಾಡಿನ ಧ್ವನಿಭಂಡಾರಕ್ಕೆ ಮೀಸಲಿಡಬೇಕು. ಕಾರ್ಖಾನೆಗಳ ಕನ್ನಡ ಸಂಘಗಳ ಛಾಯಾಚಿತ್ರಗಳು, ರಾಜ್ಯೋತ್ಸವದ ಧ್ವನಿಮುದ್ರಣಗಳು, ವಾದಕರ ಕೈಬರಹದ ಸ್ವರಲಿಪಿಗಳು ಹಲಸೂರು, ದೂರವಾಣಿನಗರ, ಕೃಷ್ಣರಾಜಪುರಗಳ ಮನೆಗಳ ಅಟ್ಟದಲ್ಲಿ ಇನ್ನೂ ಇರಬಹುದು. ಅವು ರದ್ದಿ ಅಂಗಡಿ ಸೇರುವ ಮೊದಲು ಈ ಕೆಲಸ ಆಗಬೇಕು. ಆ ವಾದಕರಲ್ಲಿ ಉಳಿದವರು ನಮ್ಮ ನಡುವೆ ಇರುವಾಗಲೇ ಆಗಬೇಕು.